ನೂಲು ತುಂಡಾಗಿಲ್ಲ

ಸರ್ ಕುಳಿತದ್ದನ್ನು ನೋಡಿದ ದಿನಗಳಿಗೆ ನನ್ನ ಡೈರಿಯಲ್ಲಿ ಒಂದು ಗುರುತು ಉಂಟು, ದಿನಾಂಕದ ಪಕ್ಕದಲ್ಲಿ ಸಣ್ಣ ಚೌಕ. ೧೯೯೮ರಿಂದ ಈಚೆಗಿನ ಡೈರಿಗಳನ್ನೆಲ್ಲ ಈ ವಾರ ಕೆಳಗಿಳಿಸಿ ತಿರುವಿದೆ. ಮೊದಲ ವರ್ಷಗಳಲ್ಲಿ ಚೌಕಗಳು ಬೆರಳೆಣಿಕೆಯಷ್ಟು. ಕೊನೆಯ ಎರಡು ವರ್ಷಗಳಲ್ಲಿ ಎಷ್ಟು ಜಾಸ್ತಿ ಎಂದರೆ ಗುರುತು ಹಾಕುವುದನ್ನೇ ನಾನು ನಿಲ್ಲಿಸಿದ್ದೇನೆ.

ಅವರು ಮೂಡಬಿದಿರೆಯ ಒಂದು ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಬೆಳ್ತಂಗಡಿ ಕಡೆಯ ಹಳೆಯ ಜೈನ ಮನೆತನ. ವಾರದ ದಿನಗಳಲ್ಲಿ ಕಾಲೇಜಿನ ಹತ್ತಿರವೇ ಬಾಡಿಗೆ ಕೋಣೆ, ಶನಿವಾರ ಮಂಗಳೂರಿಗೆ ಹೋಗಿ ಯಾವುದಾದರೂ ಲೈಬ್ರರಿಯಲ್ಲಿ ನಿಂತೇ ಓದಿ, ಅಲ್ಲಿಂದ ಊರಿನ ಬಸ್ಸು. ಮದುವೆ ಆಗಿರಲಿಲ್ಲ. ಮನೆಯಲ್ಲಿ ಅಕ್ಕ ಇದ್ದರು.

ಮೊದಲ ತರಗತಿಯಲ್ಲಿ ಅವರು ಒಳಗೆ ಬಂದವರೇ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಹೇಳಿದರು: "ನನ್ನ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು. ನಗುವವರು ಈಗಲೇ ನಕ್ಕು ಮುಗಿಸಿ. ಒಂದು ನಿಮಿಷ ಕೊಡ್ತೇನೆ."

ಯಾರೂ ನಗಲಿಲ್ಲ. ಅವರು ನಿಮಿಷ ಮುಗಿಯುವವರೆಗೆ ಕಾದೇ ಕಾದರು. "ಆಯ್ತಾ? ಇನ್ನು ವರ್ಷಪೂರ್ತಿ ಇಲ್ಲ."

ಕರಿಹಲಗೆಯ ಬುಡದಲ್ಲಿ ಒಂದು ಮರದ ಪೆಟ್ಟಿಗೆ ಇರುತ್ತಿತ್ತು, ಯಾವುದೋ ಅಂಗಡಿಯ ಸೋಪಿನ ಪೆಟ್ಟಿಗೆ. ಅದರ ಮೇಲೆ ಹತ್ತಿ ಬರೆಯುವುದು, ಇಳಿಯುವುದು, ಕಾಲಿನಿಂದ ಅದನ್ನು ಮುಂದೆ ತಳ್ಳುವುದು, ಮತ್ತೆ ಹತ್ತುವುದು. ಸಿಮೆಂಟಿನ ನೆಲದ ಮೇಲೆ ಅದು ಕರಕರ ಎನ್ನುವ ಶಬ್ದವೇ ನಮಗೆ ಹೊಸ ಸಾಲಿನ ಸೂಚನೆ. ಸ್ಟಾಫ್ ರೂಮಿನಲ್ಲಿ ಅವರ ಹೆಸರಿನ ಕುರ್ಚಿಯ ಮೇಲೆ ಪುಸ್ತಕಗಳು ಕುಳಿತಿರುತ್ತಿದ್ದವು. ಅವರು ಕಿಟಕಿಯ ಹತ್ತಿರ ನಿಂತು, ಒಂದು ಕಾಲಿನ ಹೆಬ್ಬೆರಳಿನಿಂದ ಇನ್ನೊಂದು ಚಪ್ಪಲಿಯನ್ನು ತಟ್ಟುತ್ತ ಉತ್ತರಪತ್ರಿಕೆ ತಿದ್ದುತ್ತಿದ್ದರು. ಕುಳಿತರೆ ಕಾಲು ನೆಲಕ್ಕೆ ತಾಗುವುದಿಲ್ಲ ಎಂಬುದು ಎಲ್ಲರೂ ಹೇಳುತ್ತಿದ್ದ ಕಾರಣ. ನನಗೆ ಅದು ಪೂರ್ತಿ ನಿಜ ಅನಿಸಿರಲಿಲ್ಲ. ಬಸ್ಸಿನಲ್ಲಿ ಖಾಲಿ ಸೀಟು ಇದ್ದರೂ ಅವರು ನಿಲ್ಲುತ್ತಿದ್ದರು, ತಾವು ನಿಂತಿರುವುದರಿಂದಲೇ ಬಸ್ಸು ಓಡುತ್ತದೆ ಎನ್ನುವ ಹಾಗೆ.

ಅವರ ಅಂಗಿಗಳು ಪೇಟೆಯ ಬಟ್ಟೆ ಅಂಗಡಿಯ ಶಾಲಾ ಸಮವಸ್ತ್ರದ ಕಪಾಟಿನಿಂದ ಬಂದವು. ಬಿಳಿ, ಪೂರ್ತಿ ತೋಳು, ಸಣ್ಣ ಕಾಲರು, ಎಡಗಡೆ ಜೇಬು. "ಬ್ಯಾಡ್ಜ್ ಒಂದು ಕಡಿಮೆ," ಎಂದು ಅವರೇ ಹೇಳುತ್ತಿದ್ದರು.

ನನಗೆ ಅವರ ಪರಿಚಯ ಆದದ್ದು ಎರಡು ಟೆಸ್ಟ್ ಟ್ಯೂಬಿನಿಂದ. ೧೯೯೮ರ ಜುಲೈ. ನಮ್ಮ ಮನೆಯದ್ದು ಒಡೆದುಹೋಗಿತ್ತು. ಲ್ಯಾಬಿನ ಅಟೆಂಡರ ಹತ್ತಿರ, ಹಳೆಯದ್ದು ಎರಡು ಇದ್ದರೆ ಕೊಡಿ ಎಂದು ಕೇಳುತ್ತಿದ್ದೆ. ಹಿಂದಿನಿಂದ ಸರ್ ಬಂದರು.

"ಯಾರ ಮೂತ್ರ?"

ಜಗಲಿಯಲ್ಲಿ ನಾಲ್ಕೈದು ಹುಡುಗರು ಇದ್ದರು. ನನ್ನ ಕಿವಿ ಬಿಸಿಯಾಯಿತು.

"ನಾಚುವುದು ಆಮೇಲೆ ಮಾಡು. ಮನೆಗೆ ಟೆಸ್ಟ್ ಟ್ಯೂಬು ಕೊಂಡುಹೋಗುವವರು ಅದರಲ್ಲಿ ಪಾಯಸ ಮಾಡುವುದಿಲ್ಲ. ಯಾರದ್ದು?"

"ತಮ್ಮನದ್ದು, ಸರ್."

"ಕಾಯಿಸಿದರೆ ಬೆಳ್ಳಗೆ ಹೆಪ್ಪು ಕಟ್ತದಾ?"

"ಮೊಟ್ಟೆಯ ಬಿಳಿ ಬೆಂದ ಹಾಗೆ."

"ಎಷ್ಟು ವರ್ಷ?"

"ಎಂಟು."

"ಎತ್ತರ ಎಷ್ಟು?"

ನಾನು ದಿನವೂ ಬೆಳಿಗ್ಗೆ ತಮ್ಮ ನೌಶಾದನ ಮೂತ್ರ ಕಾಯಿಸಿ ಎಷ್ಟು ಹೆಪ್ಪು ಕಟ್ಟಿತೆಂದು ಡೈರಿಯಲ್ಲಿ ಕೂಡಿಸು ಚಿಹ್ನೆ ಹಾಕಿ ಇಡುತ್ತಿದ್ದವಳು. ಅವನ ತೂಕ ಗೊತ್ತಿತ್ತು, ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂಬುದು ಗೊತ್ತಿತ್ತು. ಎತ್ತರ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ. ಸರ್ ನಾಲ್ಕು ಟೆಸ್ಟ್ ಟ್ಯೂಬು ಕೊಡಿಸಿದರು. "ಅಳೆದು ಬಾ," ಎಂದು ಹೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿ ಹೋದರು.

ತಮ್ಮನಿಗೆ ಐದನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಕಣ್ಣಿನ ರೆಪ್ಪೆ ಬಾತುಕೊಂಡಿತ್ತು. ಕಿಡ್ನಿಯ ಜರಡಿಯಲ್ಲಿ ರಕ್ತದ ಪ್ರೋಟೀನು ಸೋರಿ ಹೋಗುವ ಕಾಯಿಲೆ ಎಂದರು. ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಇಳಿಯುವುದು, ನಿಲ್ಲಿಸಿದರೆ ಬಾತುಕೊಳ್ಳುವುದು. ಹೀಗೆ ಮೂರು ವರ್ಷ ಹೋಗಿತ್ತು. ಮಾತ್ರೆಯಿಂದ ಮುಖ ಗುಂಡಗಾಗಿತ್ತು. ನಮ್ಮ ಬಾಪ ಗಲ್ಫಿನಲ್ಲಿದ್ದರು, ಮೂರೋ ನಾಲ್ಕೋ ವರ್ಷಕ್ಕೊಮ್ಮೆ ಬರುವವರು, ಕಾಯಿಲೆ ಶುರುವಾದ ಮೇಲೆ ಬಂದೇ ಇರಲಿಲ್ಲ. ತಮ್ಮನ ಮುಖದ ಫೋಟೋ ನೋಡಿ, ಮಗ ತುಂಬಿಕೊಂಡಿದ್ದಾನೆ, ಮಾಶಾ ಅಲ್ಲಾ, ಎಂದು ಬರೆಯುತ್ತಿದ್ದರು. ಉಮ್ಮ ಅವರಿಗೆ ತಿಳಿಸಿದ್ದು ಇಷ್ಟೇ: ಸ್ವಲ್ಪ ನೀರು ತುಂಬುವ ತೊಂದರೆ ಇತ್ತು, ಮದ್ದು ಮಾಡಿ ಆಯಿತು.

ಅದೇ ವರ್ಷ ಆಗಸ್ಟಿನಲ್ಲಿ ಸರ್ ಅವರ ಪಾಠದಲ್ಲಿ ಆದದ್ದನ್ನು ನಾನು ಆ ದಿನವೇ ಪೂರ್ತಿ ಬರೆದಿಟ್ಟಿದ್ದೇನೆ. ಬೆಳವಣಿಗೆಯ ಹಾರ್ಮೋನು ಜೀವಕೋಶಕ್ಕೆ ಹೇಗೆ ಸುದ್ದಿ ಮುಟ್ಟಿಸುತ್ತದೆ ಎಂಬ ಪಾಠ. ನಮ್ಮ ತರಗತಿಗೆ ಎರಡು ರೆಕ್ಕೆಯ ಬಾಗಿಲು ಇತ್ತು. ಒಂದೊಂದು ರೆಕ್ಕೆಯ ಒಳಗೆ ಒಬ್ಬೊಬ್ಬರನ್ನು ನಿಲ್ಲಿಸಿದರು. ಒಂದು ಚೀಟಿಯಲ್ಲಿ 'ಬೆಳೆ' ಎಂದು ಬರೆದು ಒಬ್ಬನ ಕೈಗೆ ಕೊಟ್ಟರು. ತಾವು ಹೊರಗೆ ಹೋದರು.

"ನಾನು ಹಾರ್ಮೋನು. ಒಳಗೆ ಬರುವುದಿಲ್ಲ. ಎರಡೂ ರೆಕ್ಕೆಯ ಹಿಡಿಯನ್ನು ಒಟ್ಟಿಗೆ ಹಿಡಿದು ಎಳೀತೇನೆ. ಎರಡೂ ಒಟ್ಟಿಗೆ ಅಲುಗಾಡಿದರೆ ಮಾತ್ರ ಚೀಟಿ ಹಿಂದೆ ದಾಟಿಸಿ."

ಅವರು ಎಳೆದರು. ಚೀಟಿ ಬೆಂಚಿನಿಂದ ಬೆಂಚಿಗೆ ಹೋಗಿ ಕೊನೆಯ ಬೆಂಚಿನ ಹುಡುಗನಿಗೆ ಮುಟ್ಟಿತು. ಅವನು ಕೋಶದ ಕೇಂದ್ರ. ಎದ್ದು ನಿಲ್ಲಬೇಕು, ಅಂದರೆ ಬೆಳೆದ ಹಾಗೆ. ನಿಂತ. ಎಲ್ಲರೂ ನಕ್ಕರು.

ಎರಡನೆಯ ಸಲ ಸರ್ ಹೊರಗೆ ಹೋಗುವ ಮೊದಲು ನಡುವಿನ ಬೆಂಚಿನವನ ಕಿವಿಯಲ್ಲಿ ಏನೋ ಹೇಳಿದರು. ಹೊರಗಿನಿಂದ ಎಳೆದರು, ಜೋರಾಗಿ ಎಳೆದರು, ಬಾಗಿಲು ಧಡಧಡ ಎಂದಿತು. ಚೀಟಿ ನಡುವಿನ ಬೆಂಚಿಗೆ ಬಂದು ಅವನ ಜೇಬಿಗೆ ಹೋಯಿತು. ಕೊನೆಯ ಬೆಂಚಿನವನು ಕುಳಿತೇ ಇದ್ದ.

ಸರ್ ಒಳಗೆ ಬಂದರು. ಉಸಿರು ಏರಿತ್ತು. "ಕಿಡ್ನಿ ಕೆಟ್ಟ ಮಗುವಿನ ಮೈಯಲ್ಲಿ ಹಾರ್ಮೋನಿಗೆ ಬರಗಾಲ ಇಲ್ಲ. ಬಂದು ಬಂದು ಬಾಗಿಲು ಬಡೀತದೆ. ಒಳಗೆ ಯಾರೋ ಚೀಟಿ ಜೇಬಿಗೆ ಹಾಕಿ ಕೂತಿದ್ದಾನೆ. ಸುದ್ದಿ ಬಂದರೆ ಸಾಲದು, ಮುಟ್ಟಬೇಕು." ಪೆಟ್ಟಿಗೆಯನ್ನು ಕಾಲಿನಿಂದ ಒಮ್ಮೆ ತಳ್ಳಿ ಮತ್ತೆ ಹೇಳಿದರು: "ಅದೇ ಮೈಯಲ್ಲಿ ಕಿಡ್ನಿಯ ಒಳಗೆ ಬೇರೆ ಒಂದು ಬೆಳವಣಿಗೆಯ ಸಂಕೇತ ಉಂಟು. ಗಾಯ ಮುಚ್ಚು ಅಂತ ಹೇಳುವುದು. ಅದರ ಮಾತು ಮಾತ್ರ ಎಲ್ಲರಿಗೂ ಕೇಳ್ತದೆ. ಕೇಳಿ ಕೇಳಿ ನಾರು ಬೆಳೆದು, ಕಿಡ್ನಿ ಗಟ್ಟಿಯಾಗಿ ಮುಗೀತದೆ. ಬೆಳೆಯಬೇಕಾದಲ್ಲಿ ಕಿವುಡು, ಬೆಳೆಯಬಾರದಲ್ಲಿ ಅತಿವಿನಯ."

ಅವರು ಆ ಸಂಕೇತದ ಮೇಲೆಯೇ ಸಂಶೋಧನೆಗೆ ಸೇರಿದವರು, ಬಿಟ್ಟುಬಂದವರು. ಇಲಿಗಳ ಕಿಡ್ನಿಯನ್ನು ಕೆಡಿಸಿ, ಕೆಲವು ವಾರ ಬಿಟ್ಟು, ಅವುಗಳನ್ನು ಕೊಂದು ಒಳಗೆ ನೋಡಬೇಕು. ಇರುವೆ ಬಂತೆಂದು ಸಕ್ಕರೆಯ ಡಬ್ಬಿಯನ್ನು ಬಿಸಿಲಿಗಿಟ್ಟು, ಅವು ತಾವಾಗಿ ಹೋಗುವವರೆಗೆ ಕಾಯುವ ಮನೆಯಿಂದ ಹೋದ ಮನುಷ್ಯ. ಮೊದಲ ಕಂತಿನ ಇಲಿಗಳವರೆಗೆ ಮಾಡಿದರಂತೆ. ಎರಡನೆಯದಕ್ಕೆ ಕೈ ಬರಲಿಲ್ಲ. "ಬಿಟ್ಟದ್ದು ಒಳ್ಳೆಯದಾಯ್ತು ಸರ್," ಎಂದು ಒಮ್ಮೆ ಯಾರೋ ಹೇಳಿದ್ದಕ್ಕೆ, "ಇಲಿಗೆ ಒಳ್ಳೆಯದಾಯ್ತು. ಮಕ್ಕಳಿಗೆ ಆಯ್ತಾ ಗೊತ್ತಿಲ್ಲ," ಎಂದರು. ನಮ್ಮ ಕಪ್ಪೆ ಕೊಯ್ಯುವ ದಿನಗಳಲ್ಲಿ ಬೇರೆ ಅಧ್ಯಾಪಕರು ಬರುತ್ತಿದ್ದರು, ಸರ್ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಅವರ ಚಪ್ಪಲಿಯ ಸದ್ದು ಒಳಗೆ ಕೇಳುತ್ತಿತ್ತು.

ಸೆಪ್ಟೆಂಬರಿನ ಒಂದು ಶನಿವಾರ ಅವರು ನಮ್ಮ ಮನೆಗೇ ಬಂದುಬಿಟ್ಟರು. ಮಂಗಳೂರಿನಿಂದ ಬೆಳ್ತಂಗಡಿ ಬಸ್ಸಿನಲ್ಲಿ ಹೋಗುತ್ತಿದ್ದವರು ಫರಂಗಿಪೇಟೆಯಲ್ಲಿ ಇಳಿದು, ಕೇಳುತ್ತ ಬಂದಿದ್ದರು. ನಾನು ಹಿತ್ತಲಲ್ಲಿದ್ದೆ. ಹೊರಗಿನ ಗಂಡಸರು ಬಂದರೆ ಉಮ್ಮ ಬಾಗಿಲ ಪರದೆಯ ಹಿಂದಿನಿಂದ ಮಾತಾಡುವವರು. ಅಂದು ಕಿಟಕಿಯಿಂದ ನೋಡಿದ್ದಾರೆ: ಬಿಳಿ ಅಂಗಿ, ಹೆಗಲಿಗೆ ಚೀಲ, ಗಿಡ್ಡ ಆಕೃತಿ. ಯಾವುದೋ ಶಾಲೆಯ ಹುಡುಗ ಚಂದಾ ಕೇಳಲು ಬಂದ ಎಂದು ತಿಳಿದು, ತಲೆಯ ಮೇಲೆ ಶಾಲು ಎಳೆದುಕೊಳ್ಳುತ್ತ ಅಂಗಳಕ್ಕೇ ಇಳಿದರು.

"ಮೊನ್ನೆಯಷ್ಟೇ ಕೊಟ್ಟಿದ್ದೇವೆ ಮಗಾ. ದಿನಾ ಬಂದರೆ ಹೇಗೆ?"

"ನಾನು ನಿಮ್ಮ ಮಗಳ ಮಾಸ್ಟ್ರು," ಎಂದರು ಸರ್, ತುಳುವಿನಲ್ಲಿ. ಅವರಿಬ್ಬರ ಮಾತು ಯಾವಾಗಲೂ ತುಳುವಿನಲ್ಲೇ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಉಮ್ಮ ಅವರ ಮುಖವನ್ನು ಹತ್ತಿರದಿಂದ ನೋಡಿದರು. ಕಿವಿಯ ಮೇಲೆ ನರೆ ಇತ್ತು. ಒಳಗೆ ಓಡುವ ಹೊತ್ತು ಮೀರಿತ್ತು. ಆಮೇಲೆ ಯಾವತ್ತೂ ಅವರ ಎದುರು ಪರದೆಯ ಹಿಂದೆ ಹೋಗಲಿಲ್ಲ. "ಒಮ್ಮೆ ಬಂದಾಯಿತಲ್ಲ, ಇನ್ನು ಎಂಥದ್ದು," ಎನ್ನುತ್ತಿದ್ದರು.

ನಾನು ಹಿತ್ತಲಿನಿಂದ ಬರುವಾಗ ಉಮ್ಮ ಎಳನೀರಿನ ಬೊಂಡ ಕೆತ್ತಿಸಿ ತಂದಿದ್ದರು. ಸರ್ ಮುಟ್ಟಲಿಲ್ಲ. "ನನಗೆ ಆಗುವುದಿಲ್ಲ. ಅರ್ಧ ಕಿಡ್ನಿಯವನು ನಾನು. ಇವನಿಗೆ ಕೊಡ್ತೀರಾ?"

"ದಿನಾ ಎರಡು. ಕಿಡ್ನಿಗೆ ತಂಪಲ್ಲವಾ?"

"ಕಿಡ್ನಿ ಕಲ್ಲಿನವರಿಗೆ ಯಾರೋ ಹೇಳಿದ್ದನ್ನು ಊರೆಲ್ಲ ಕುಡೀತದೆ. ಡಾಕ್ಟ್ರು ಹೇಳುವವರೆಗೆ ಇವನಿಗೆ ಬೇಡ."

ತಮ್ಮ ಬಂದು ಕಂಬಕ್ಕೆ ಒರಗಿ ನಿಂತ. ಸರ್ ಅವನನ್ನೇ ನೋಡಿದರು. ಅವನು ಗಲ್ಫಿನ ಹೊಸ ಅಂಗಿ ಹಾಕಿದ್ದ. ತೋಳು ಮೂರು ಮಡಿಕೆ, ಭುಜದ ಹೊಲಿಗೆ ಅರ್ಧ ತೋಳಿಗೆ ಇಳಿದಿತ್ತು.

"ಈ ಅಂಗಿ ಯಾರದ್ದು?"

"ಅವನದ್ದೇ. ಅವನ ಬಾಪ ಕಳಿಸಿದ್ದು," ಎಂದರು ಉಮ್ಮ.

"ಅಳತೆ ಯಾರದ್ದು?"

ಇಲ್ಲಿ ಒಂದು ವಾಡಿಕೆ ಹೇಳಬೇಕು. ನಮ್ಮ ಓಣಿಯಿಂದ ಯಾರಾದರೂ ಗಲ್ಫಿಗೆ ಹೊರಟರೆ ಮನೆಮನೆಯಿಂದ ಪೊಟ್ಟಣ ಹೋಗುತ್ತಿತ್ತು. ಉಪ್ಪಿನಕಾಯಿ, ಹಪ್ಪಳ, ಜೊತೆಗೆ ಮಕ್ಕಳ ಅಳತೆಯ ನೂಲು. ಮಗುವನ್ನು ಗೋಡೆಗೆ ನಿಲ್ಲಿಸಿ, ತಲೆಯಿಂದ ಹಿಮ್ಮಡಿಯವರೆಗೆ ನೂಲು ಹಿಡಿದು, ಭುಜಕ್ಕೆ ಒಂದು ಗಂಟು, ಸೊಂಟಕ್ಕೆ ಒಂದು ಗಂಟು. ಅಲ್ಲಿ ಅಪ್ಪಂದಿರು ಅದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಬಟ್ಟೆಗೆ ಹಿಡಿದು ನೋಡಿ ಕೊಳ್ಳುವುದು. ನನ್ನದು ಕೆಂಪು, ತಮ್ಮನದು ನೀಲಿ. ಬಾಪ ಹಳೆಯ ನೂಲುಗಳನ್ನು ಬಿಸಾಡುತ್ತಿರಲಿಲ್ಲ. ಹೊಸದು ಬಂದಾಗ ಹಳೆಯದರ ಜೊತೆ ಹಿಡಿದು, ಎಷ್ಟು ಬೆಳೆದಿದ್ದಾರೆ ಎಂದು ರೂಮಿನವರಿಗೆ ತೋರಿಸುತ್ತಿದ್ದರಂತೆ.

ಸರ್ ಅವರ ಪ್ರಶ್ನೆಗೆ ಉಮ್ಮ ಬೊಂಡದ ಚಿಪ್ಪನ್ನು ಆಚೆಗಿಟ್ಟರು, ಈಚೆಗಿಟ್ಟರು. ಆಮೇಲೆ ಹೇಳಿದರು: "ಅನ್ವರನದ್ದು."

ಅನ್ವರ್ ನನ್ನ ಚಿಕ್ಕಮ್ಮನ ಮಗ, ತಮ್ಮನಿಗಿಂತ ಒಂದು ತಿಂಗಳು ದೊಡ್ಡವನು. ಮೂರು ವರ್ಷದಿಂದ ಉಮ್ಮ ನೀಲಿ ನೂಲನ್ನು ಅವನ ಮೈಗೆ ಹಿಡಿದು ಕತ್ತರಿಸುತ್ತಿದ್ದರು. ಒಳಗಿನ ಕಪಾಟಿನಲ್ಲಿ ತಮ್ಮನಿಗೆ ಆಗದ ಅಂಗಿಗಳು ಮಡಿಸಿದ ಹಾಗೇ ಇದ್ದವು, ಬರುವ ವರ್ಷಕ್ಕೆ ಆದೀತು ಎಂದು.

"ಅವರು ಅಲ್ಲಿ ಒಬ್ಬರೇ ಮಾಸ್ಟ್ರೇ. ನೂಲು ಬೆಳೆಯಲಿಲ್ಲ ಅಂತ ಗೊತ್ತಾದರೆ ಉಣ್ಣುವುದಿಲ್ಲ, ಎಲ್ಲ ಬಿಟ್ಟು ಬಂದುಬಿಡ್ತಾರೆ."

ಸರ್ ಅಂಗಳದಲ್ಲಿ ನಡೆಯತೊಡಗಿದರು. ನಾನು ಆಗ ಆಸ್ಪತ್ರೆಯ ವಿಷಯ ಹೇಳಿದೆ. ಮಾತ್ರೆಗೆ ಈಗ ಕಾಯಿಲೆ ಬಗ್ಗುತ್ತಿಲ್ಲ, ಬೆನ್ನಿನಿಂದ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಬೇಕು, ನೋಡಿದರೆ ಬೇರೆ ಮದ್ದು ಕೊಡಬಹುದು, ತಡವಾದಷ್ಟೂ ಒಳಗೆ ಗಾಯದ ಕಲೆ ಹೆಚ್ಚುತ್ತದೆ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಅದು ಏಪ್ರಿಲಿನಲ್ಲಿ. ಬಾಪನನ್ನು ಕೇಳದೆ ಮಗುವಿನ ಬೆನ್ನಿಗೆ ಸೂಜಿ ಹಾಕಿಸಲು ಉಮ್ಮನಿಗೆ ಧೈರ್ಯ ಇಲ್ಲ. ಕೇಳಬೇಕಾದರೆ ಎಲ್ಲ ಹೇಳಬೇಕು.

"ಏಪ್ರಿಲ್," ಎಂದರು ಸರ್. "ಈಗ ಸೆಪ್ಟೆಂಬರ್. ಚೀಟಿ ಜೇಬಿನಲ್ಲಿ ಉಂಟು."

ಉಮ್ಮನಿಗೆ ಅದು ಅರ್ಥವಾಗಲಿಲ್ಲ. ಸರ್ ಅವರ ಎದುರು ಬಂದು ನಿಂತು ಬೇರೆ ರೀತಿ ಹೇಳಿದರು. "ನನಗೂ ಇದೇ ಕಾಯಿಲೆ, ಇವನ ಪ್ರಾಯದಲ್ಲಿ. ಆಗ ಇಷ್ಟು ಮದ್ದು ಇರಲಿಲ್ಲ, ಇದ್ದದ್ದಕ್ಕೂ ನಾವು ತಡ ಮಾಡಿದೆವು. ಬೆಳೆಯುವುದಿಲ್ಲ ಅಂತ ನನ್ನ ಅಪ್ಪ ದಿನಾ ಬೆಳಿಗ್ಗೆ ನನ್ನನ್ನು ಪೇರಳೆ ಮರಕ್ಕೆ ನೇತಾಡಿಸ್ತಿದ್ದರು. ಕೈ ಉದ್ದ ಆಗಲಿಲ್ಲ, ಕೊಂಬೆ ಬಗ್ಗಿತು." ಉಮ್ಮ ನಗಲೋ ಬೇಡವೋ ಎಂದು ನನ್ನನ್ನು ನೋಡಿದರು. "ಇವನು ಗಿಡ್ಡ ಉಳಿದರೆ ಪರವಾಗಿಲ್ಲ, ನನ್ನ ಹಾಗೆ ಪೆಟ್ಟಿಗೆ ಹತ್ತಬಹುದು. ಕಿಡ್ನಿ ಹೋದರೆ ಹತ್ತಲಿಕ್ಕೆ ಪೆಟ್ಟಿಗೆ ಇಲ್ಲ. ಸರಿಯಾದ ನೂಲು ಕಳಿಸಿ. ಅವರಿಗೆ ತಾನಾಗಿ ಗೊತ್ತಾಗಲಿ."

ಹೋಗುವಾಗ ನೌಶಾದನ ತಲೆಯನ್ನು ತಮ್ಮ ಎದೆಗೆ ಹೊಂದಿಸಿ ನೋಡಿದರು. "ನೀನು ನನ್ನನ್ನು ದಾಟಬೇಕು ಮಾರಾಯ. ಜಾಸ್ತಿ ಬೇಡ. ದಾಟಿದರೆ ಸಾಕು."

ಉಮ್ಮ ಎರಡು ತಿಂಗಳು ತೆಗೆದುಕೊಂಡರು. ಪ್ರತಿ ಸೋಮವಾರ ಸರ್ ಕೇಳುವುದು, "ಹೋಯ್ತಾ?" ನಾನು ಇಲ್ಲ ಎನ್ನುವುದು, ಅವರು ಸೀಮೆಸುಣ್ಣವನ್ನು ಎರಡು ತುಂಡು ಮಾಡುವುದು. ನವೆಂಬರಿನಲ್ಲಿ ಪಕ್ಕದ ಮನೆಯವರು ಹೊರಟಾಗ ಉಮ್ಮ ತಮ್ಮನನ್ನೇ ಗೋಡೆಗೆ ನಿಲ್ಲಿಸಿದರು. ನೂಲು ಹಿಡಿದವಳು ನಾನು. ಗಂಟು ಹಾಕಿದ್ದು ಉಮ್ಮ. ಪೊಟ್ಟಣದಲ್ಲಿ ಹಪ್ಪಳದ ಅಡಿಯಲ್ಲಿ ಇಟ್ಟರು. ಪತ್ರದಲ್ಲಿ ಏನೂ ಬರೆಯಲಿಲ್ಲ. ನೂಲೇ ಹೇಳುತ್ತದೆ ಎಂದು ನಾವೆಲ್ಲ ನಂಬಿದ್ದೆವು, ಸರ್ ಕೂಡ.

ಉತ್ತರ ಬಂದದ್ದು ೧೯೯೯ರ ಫೆಬ್ರವರಿಯಲ್ಲಿ, ಬಟ್ಟೆಯ ಕಟ್ಟಿನೊಂದಿಗೆ. ಅಂಗಿ ಹಿಂದಿನದಕ್ಕಿಂತಲೂ ದೊಡ್ಡದು. ಒಳಗೆ ಬಾಪನ ಪತ್ರ. ನೀಲಿ ನೂಲು ದಾರಿಯಲ್ಲಿ ತುಂಡಾಗಿತ್ತು, ಹಳೆಯದರ ಪಕ್ಕ ಹಿಡಿದು ನೋಡಿ, ಮೇಲೆ ಒಂದಿಷ್ಟು ಅಂದಾಜು ಸೇರಿಸಿ ಕೊಂಡಿದ್ದೇನೆ, ಸರಿಯಾದೀತಲ್ಲ?

ನಾನು ಪತ್ರವನ್ನು ಕಾಲೇಜಿಗೆ ಒಯ್ದೆ. ಸರ್ ಕಿಟಕಿಯ ಹತ್ತಿರ ನಿಂತು ಓದಿದರು. ಕುರ್ಚಿಯ ಮೇಲಿನ ಪುಸ್ತಕಗಳನ್ನು ನೆಲಕ್ಕಿಟ್ಟರು. ಕುಳಿತರು. ನನ್ನ ಡೈರಿಯ ಮೊದಲ ಚೌಕ ಅದು. ಅವರ ಕಾಲು ನಿಜವಾಗಿಯೂ ನೆಲಕ್ಕೆ ತಾಗುತ್ತಿರಲಿಲ್ಲ.

"ತುಂಡಾಯ್ತು ಅಂದುಕೊಂಡರು," ಎಂದರು. "ಮಗ ಬೆಳೆಯಲಿಲ್ಲ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ." ಪತ್ರವನ್ನು ಮಡಿಸಿ ನನಗೆ ಕೊಟ್ಟರು. ಆಮೇಲೆ, "ನಿನ್ನ ಬಾಪ ಫೋನು ಮಾಡುವುದು ಯಾವಾಗ?"

ಬಾಪ ಶುಕ್ರವಾರ ಸಂಜೆ ಬಸ್ ನಿಲ್ದಾಣದ ಹತ್ತಿರದ ದಿನಸಿ ಅಂಗಡಿಗೆ ಫೋನು ಮಾಡುತ್ತಿದ್ದರು. ಆ ಶುಕ್ರವಾರ ಸರ್ ಮಧ್ಯಾಹ್ನದ ಪಾಠ ಮುಗಿಸಿ ನನ್ನ ಜೊತೆಯೇ ಹೊರಟರು. ಸಿದ್ಧಕಟ್ಟೆಯ ದಾರಿಯ ಬಸ್ಸು, ಬಿ.ಸಿ. ರೋಡಿನಲ್ಲಿ ಇಳಿದು ಇನ್ನೊಂದು. ದಾರಿಯುದ್ದಕ್ಕೂ ನಿಂತೇ ಇದ್ದರು, ಕಂಬಿ ಎಟುಕದೆ ಸೀಟಿನ ಬೆನ್ನು ಹಿಡಿದು. ಪ್ರತಿ ಸ್ಟಾಪಿನಲ್ಲೂ, "ಈ ಡ್ರೈವರಿಗೆ ಮನೆ ಇಲ್ಲವಾ?" ಎಂದು ಕೇಳುತ್ತಿದ್ದರು.

ಅಂಗಡಿಯವರು ಫೋನನ್ನು ಅಕ್ಕಿ ಮೂಟೆಗಳ ಹಿಂದಕ್ಕೆ ಸರಿಸಿ ಕೊಟ್ಟರು. ಗಂಟೆ ಹೊಡೆಯಿತು. ಉಮ್ಮ ರಿಸೀವರ್ ತೆಗೆದರು. ಸಲಾಂ ಹೇಳಿದರು, ಕ್ಷೇಮ ಕೇಳಿದರು. ಅಂಗಿ ಬಂತು ಎಂದರು. ಆಮೇಲೆ ಅವರ ಬಾಯಿ ಅಲ್ಲಾಡಿತು, ಶಬ್ದ ಬರಲಿಲ್ಲ. ಆ ಕಡೆಯಿಂದ ಬಾಪ ಹಲೋ ಹಲೋ ಎನ್ನುವುದು ನನಗೂ ಕೇಳುತ್ತಿತ್ತು. ಉಮ್ಮ ರಿಸೀವರನ್ನು ನನ್ನ ಕಡೆ ಚಾಚಿದರು. ನಾನು ಕೈ ಮುಂದೆ ಮಾಡುವ ಮೊದಲೇ ಸರ್ ತೆಗೆದುಕೊಂಡರು.

"ನಮಸ್ಕಾರ. ನಿಮ್ಮ ಮಗಳ ಮಾಸ್ಟ್ರು ಮಾತಾಡುವುದು... ಇಲ್ಲ, ಅವಳು ಚಂದ ಓದ್ತಾಳೆ. ಅದಕ್ಕಲ್ಲ... ಆ ನೂಲು ತುಂಡಾಗಿಲ್ಲ. ಅಷ್ಟೇ ಉಂಟು ಹುಡುಗ. ಮುಂಚಿನ ನೂಲೆಲ್ಲ ಬೇರೆ ಮಗುವಿನದ್ದು."

ಅಂಗಡಿಯಲ್ಲಿ ಯಾರೋ ಬೆಲ್ಲ ತೂಗಿಸುತ್ತಿದ್ದರು. ಸರ್ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

"ಇದ್ದೀರಾ?... ಹೌದು, ಗಿಡ್ಡ. ನಾನೂ ಗಿಡ್ಡ. ಅದಕ್ಕಾಗಿ ಫೋನಲ್ಲ. ಅವನ ಕಿಡ್ನಿಗೆ ಕಾಯಿಲೆ ಉಂಟು, ಒಂದು ಪರೀಕ್ಷೆ ಆಗಬೇಕು, ನೀವು ಹೂಂ ಅನ್ನಬೇಕು... ನಿಮ್ಮ ಹೆಂಡತಿಗೆ ಬಯ್ಯಬೇಡಿ. ಅವರು ನಿಮ್ಮ ಊಟದ ಬಗ್ಗೆ ಹೆದರಿದ್ದು." ಆ ಕಡೆಯ ಮಾತಿಗೆ ತಲೆಯಾಡಿಸಿದರು. "ಆಯ್ತು. ಅವರಿಗೇ ಕೊಡ್ತೇನೆ."

ಉಮ್ಮನ ಕೈಗೆ ಕೊಟ್ಟು ಸರ್ ರಸ್ತೆಗೆ ಹೋದರು. ನಾನು ಹಿಂದೆ ಹೋದಾಗ ನೇತ್ರಾವತಿಯ ಕಡೆ ಸೂರ್ಯ ಇಳಿದಾಗಿತ್ತು. ಅವರು ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ ಎಂದು ನನಗೆ ನೆನಪಾದದ್ದು ಆಗ. ಬೆಳ್ತಂಗಡಿ ಮುಟ್ಟುವಾಗ ಕತ್ತಲೆ, ಇನ್ನು ಊಟ ಮರುದಿನ ಬೆಳಿಗ್ಗೆಯೇ. ನಾನು ಏನೋ ಹೇಳಹೊರಟೆ.

"ಬಸ್ಸು ಬಂತು," ಎಂದರು.

ಆ ಕರೆಯಲ್ಲಿ ಬಾಪ ಉಮ್ಮನಿಗೆ ಏನು ಹೇಳಿದರೆಂದು ಉಮ್ಮ ನಮಗೆ ಹೇಳಲಿಲ್ಲ. ಸೂಜಿ ಹಾಕಿಸಿ ಎಂದರು, ಅಷ್ಟು ಗೊತ್ತು. ಮುಂದಿನ ವಾರವೇ ಪರೀಕ್ಷೆ ಆಯಿತು. ಕಲೆಗಳು ಇದ್ದವು, ತುಂಬ ಅಲ್ಲ. ಹೊಸ ಮದ್ದು ಶುರುವಾಯಿತು. ಏಪ್ರಿಲಿನಲ್ಲಿ ಬಾಪ ಬಂದರು. ಮಗನನ್ನು ಎತ್ತಿಕೊಳ್ಳಲಿಲ್ಲ, ಕಪಾಟಿನ ಅಂಗಿಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಆಮೇಲೆ ಅವನ್ನೆಲ್ಲ ಕಟ್ಟಿ ಅನ್ವರನ ಮನೆಗೆ ಕಳಿಸಿದರು. ಉಮ್ಮನಿಗೆ ಬಯ್ಯಲಿಲ್ಲ. ಮೂರು ದಿನ ಮಾತಾಡಲಿಲ್ಲ, ನಾಲ್ಕನೆಯ ದಿನ ಮೀನು ತಂದರು. ವಾಪಸ್ಸು ಹೋಗುವ ಮೊದಲು ತಾವೇ ತಮ್ಮನ ಮೈಗೆ ನೂಲು ಹಿಡಿದು ಅಳೆದುಕೊಂಡು ಹೋದರು.

ಟೆಸ್ಟ್ ಟ್ಯೂಬಿನ ಹೆಪ್ಪು ಕಡಿಮೆಯಾಗುತ್ತ ಬಂದದ್ದು ನನ್ನ ಡೈರಿಯಲ್ಲಿ ಉಂಟು. ಒಂದು ಬೆಳಿಗ್ಗೆ ಕಾಯಿಸಿದರೂ ನೀರು ನೀರಾಗಿಯೇ ಉಳಿಯಿತು. ಸ್ಟೀರಾಯ್ಡ್ ಇಳಿಸಿದರು. ತಮ್ಮನ ಮುಖ ಸಣ್ಣದಾಗಿ, ಒಳಗಿನಿಂದ ಬೇರೆ ಒಬ್ಬ ಹುಡುಗ ಬಂದ. ಆದರೂ ಕಾಯಿಲೆ ಮತ್ತೆ ಮತ್ತೆ ಬಾಗಿಲು ತಟ್ಟುತ್ತಿತ್ತು. ಪ್ರತಿ ಶೀತಕ್ಕೂ ನಾವು ನಡುಗುತ್ತಿದ್ದೆವು. ಎತ್ತರ ಒಂದು ವರ್ಷ ಏನೂ ಇಲ್ಲ, ಇನ್ನೊಂದು ವರ್ಷ ಮೂರು ಬೆರಳು. ಸರ್ ಶನಿವಾರಗಳಲ್ಲಿ ಇಳಿದು ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವರು. "ಚಪ್ಪಲಿ ತೆಗಿ. ಕೂದಲು ಒತ್ತು. ಮೋಸ ಬೇಡ." ಉಮ್ಮ ನಡುವೆ ಕೈ ಅಡ್ಡ ಹಿಡಿದು ತೀರ್ಪು ಕೊಡುವರು. ಎದೆ, ಭುಜ, ಕಿವಿಯ ತುದಿ.

ಸರ್ ಮಾತ್ರ ಒಳ್ಳೆಯ ಮಾತಿನ ಮನುಷ್ಯ ಆಗಿರಲಿಲ್ಲ. ನಾನು ಎಂ.ಎಸ್ಸಿ. ಮುಗಿಸಿ ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ ದಿನ, "ಇಷ್ಟು ಓದಿ ಇಲ್ಲಿಗೇ ಬಂದೆಯಾ?" ಎಂದರು. ಸಹೋದ್ಯೋಗಿಯೊಬ್ಬರಿಗೆ ಡಾಕ್ಟರೇಟ್ ಸಿಕ್ಕಿದಾಗ ಸನ್ಮಾನಕ್ಕೆ ಹೋಗದೆ ಲ್ಯಾಬಿನಲ್ಲಿ ಗಾಜು ತೊಳೆಯುತ್ತ ನಿಂತಿದ್ದರು. ನಾನು ಒಳಗೆ ಬಂದದ್ದನ್ನು ನೋಡಿ, ತಾವಾಗಿಯೇ, "ಎರಡನೇ ಕಂತು ಮಾಡಿದ್ದರೆ," ಎಂದು ಶುರು ಮಾಡಿ, ಮುಂದೆ ಹೇಳದೆ ನಳ ಜೋರಾಗಿ ಬಿಟ್ಟರು.

೨೦೦೪ರಲ್ಲಿ ಅವರ ಉಳಿದ ಅರ್ಧ ಕಿಡ್ನಿಯೂ ನಿಂತಿತು. ಅಕ್ಕನ ಕಿಡ್ನಿ ಹೊಂದಲಿಲ್ಲ. ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್, ನಾಲ್ಕು ಗಂಟೆ ಕೈ ಅಲ್ಲಾಡಿಸದೆ ಒರಗಿ ಕುಳಿತಿರಬೇಕು. ಮೊದಲ ಸಲ ನೋಡಲು ಹೋದಾಗ ನಾನು ಬಾಗಿಲಲ್ಲೇ ನಿಂತೆ.

"ಬಾ," ಎಂದರು. "ನನ್ನನ್ನು ಕೂರಿಸಲಿಕ್ಕೆ ಇಷ್ಟು ದೊಡ್ಡ ಮಿಷನ್ ಬೇಕಾಯ್ತು ನೋಡು."

ಕಂಬಳಿಯ ಕೆಳಗೆ ಹೆಬ್ಬೆರಳು ತಟ್ಟುತ್ತಲೇ ಇತ್ತು. ತಮ್ಮ ನನ್ನ ಜೊತೆ ಬಂದಿದ್ದ. ಅವನನ್ನು ಕಂಡದ್ದೇ ಸರ್ ಸಿಟ್ಟಾದರು. "ಇವನನ್ನು ಯಾಕೆ ಕರೆತಂದೆ? ಇವನ ಮದ್ದು ಸೋಂಕಿಗೆ ಬಾಗಿಲು ತೆರೆದಿಡುವ ಮದ್ದು. ಇಲ್ಲಿ ಎಲ್ಲ ಸೋಂಕೇ. ಇನ್ನು ಬರಬಾರದು. ನಾನು ಸರಿಯಾದರೆ ಮನೆಗೇ ಬರ್ತೇನೆ." ಆಮೇಲೆ ಸ್ವಲ್ಪ ಇಳಿದು, "ಎಲ್ಲಿಯವರೆಗೆ ಬಂತು?"

"ನಿಮ್ಮ ಹುಬ್ಬಿನವರೆಗೆ, ಸರ್," ಎಂದ ತಮ್ಮ.

"ಹುಬ್ಬು ನಿಲ್ದಾಣ ಅಲ್ಲ. ಹೋಗು."

ಮತ್ತೆ ಅವರು ಒಬ್ಬರನ್ನೊಬ್ಬರು ನೋಡಲಿಲ್ಲ. ನಾನು ಹೋಗುತ್ತಿದ್ದೆ. ಪ್ರತಿ ಸಲವೂ ಅದೇ ಪ್ರಶ್ನೆ. ನಾನು ಅಳೆದದ್ದನ್ನು ಹೇಳುವುದು, ಅವರು ನಂಬದಿರುವುದು. "ನಿಮ್ಮ ಮನೆಯವರು ನೂಲಿನಲ್ಲಿ ಸುಳ್ಳು ಹೇಳುವವರು." ಕೊನೆಯ ತಿಂಗಳುಗಳಲ್ಲಿ ಅವರಿಗೆ ಮಾತು ಆಯಾಸವಾಗುತ್ತಿತ್ತು, ಆಗ ಹೇಳಿದ್ದನ್ನು ಕೇಳಿಸಿಕೊಂಡರೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ.

ಕಳೆದ ತಿಂಗಳು ಅವರು ಹೋದರು. ನಾನು ಮತ್ತು ಉಮ್ಮ ಬೆಳ್ತಂಗಡಿಗೆ ಹೋದೆವು. ಅಂಗಳದ ಬದಿಯಲ್ಲಿ ಒಂದು ಪೇರಳೆ ಮರ ಇತ್ತು, ಕೆಳಗಿನ ಕೊಂಬೆ ಬಗ್ಗಿತ್ತು. ಉಮ್ಮ ಅದನ್ನು ನೋಡಿ ನನ್ನ ಕೈ ಹಿಡಿದರು. ಹೊರಡುವಾಗ ಸರ್ ಅವರ ಅಕ್ಕ ಒಳಗಿನಿಂದ ಒಂದು ಕಾಗದದ ಪೊಟ್ಟಣ ತಂದರು.

"ಹೊಸತು. ಪಿನ್ನು ಕೂಡ ತೆಗೆದಿಲ್ಲ. ಕಾಲೇಜಿಗೆ ವಾಪಸ್ಸು ಹೋಗುವಾಗ ಹಾಕಲಿಕ್ಕೆ ಅಂತ ತರಿಸಿದ್ದ. ಬೇರೆ ಯಾರಿಗೂ ಆಗುವ ಅಳತೆ ಅಲ್ಲ. ನಿನ್ನ ತಮ್ಮನಿಗೆ ಆದೀತಾ ನೋಡು. ಅವನ ವಿಷಯ ಯಾವಾಗಲೂ ಹೇಳ್ತಿದ್ದ, ಚಿಕ್ಕ ಹುಡುಗ ಅಂತ."

ಬಿಳಿ ಅಂಗಿ, ಪೂರ್ತಿ ತೋಳು, ಸಣ್ಣ ಕಾಲರು, ಎಡಗಡೆ ಜೇಬು.

ಮನೆಗೆ ಬಂದು ತಮ್ಮನಿಗೆ ಕೊಟ್ಟೆವು. ಅವನಿಗೆ ಈಗ ಹದಿನಾರು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಕಿಟಕಿಯ ದಂಡೆಯಲ್ಲಿಟ್ಟು, ಹಾಕಿಕೊಂಡ. ಗುಂಡಿ ಹಾಕಿದ. ಭುಜ ಬಿಗಿಯಿತು. ಅವನು ಕೈ ಮುಂದೆ ಚಾಚಿದಾಗ ತೋಳು ಮಣಿಕಟ್ಟಿಗೆ ಮುಟ್ಟದೆ ಹಿಂದೆಯೇ ನಿಂತಿತು.

ಉಮ್ಮ ಹತ್ತಿರ ಬಂದು ತೋಳಿನ ಅಂಚು ಹಿಡಿದು ಕೆಳಗೆ ಎಳೆದರು. ಅದು ಮೇಲೆ ಹೋಯಿತು. ಮತ್ತೆ ಎಳೆದರು. ಅವನ ಅಂಗಿಯ ತೋಳನ್ನು ಮಡಿಚಿ ಮಡಿಚಿಯೇ ಅಭ್ಯಾಸವಾದ ಕೈ, ಎಳೆಯುವುದು ಹೇಗೆಂದು ಅದಕ್ಕೆ ಗೊತ್ತಿರಲಿಲ್ಲ.

"ಇದನ್ನು ಮಾಸ್ಟ್ರು ನೋಡಬೇಕಿತ್ತು," ಎಂದರು.

ತಮ್ಮ ಅಂಗಿ ಬಿಚ್ಚಲಿಲ್ಲ. ಸಂಜೆ ಹಾಗೆಯೇ, ಗಿಡ್ಡ ತೋಳಿನಲ್ಲೇ ದಿನಸಿ ಅಂಗಡಿಗೆ ಹೋಗಿ ಬಂದ.